ಕಡಿಮೆ ದುಡ್ಡಿನ ಬ್ರೇಕ್ ಪ್ಯಾಡ್: ನಮ್ಮ ಟ್ರ್ಯಾಕ್ ಕಾರಿಗೆ ಹೊಂದಿಸಿದ ಬಗೆ

ಕನಕಪುರ ರಸ್ತೆಯಲ್ಲಿ ಸಾರಕ್ಕಿ ಸಿಗ್ನಲ್ ದಾಟಿ ಯಲಚೇನಹಳ್ಳಿ ಕಡೆ ಹೊರಟರೆ ನಡುವೆ ಜರಗನಹಳ್ಳಿ ಸಿಗುತ್ತೆ. ಮೇಲೆ ಮೆಟ್ರೋ ಓಡ್ತಿರುತ್ತೆ, ಕೆಳಗೆ ಟ್ರಾಫಿಕ್. ರಸ್ತೆಯಿಂದ ಒಳಗೆ ತಿರುಗಿದರೆ ಸಣ್ಣ ಸಣ್ಣ ವರ್ಕ್‌ಶಾಪುಗಳು. ನಮ್ಮ ಕಾಲೇಜಿನ ರೇಸ್ ಕಾರ್ ತಂಡದವರು ಅಲ್ಲಿನ ಒಂದು ಲೇತ್ ಅಂಗಡಿಗೆ ಹೋಗಿದ್ದು ಒಂದು ಚಿಕ್ಕ ಕೆಲಸಕ್ಕೆ. ಸ್ಕೂಟರಿನ ಬ್ರೇಕ್ ಪ್ಯಾಡಿನ ಒಂದು ಕಿವಿಯನ್ನು ಎರಡು ಮಿಲಿಮೀಟರ್ ತೇಯಿಸಬೇಕಿತ್ತು, ಅಷ್ಟೇ. ಐದು ನಿಮಿಷದ ಕೆಲಸ ಅಂದುಕೊಂಡಿದ್ವಿ.

ಅಂಗಡಿಯ ಅಣ್ಣ ಪ್ಯಾಡನ್ನೂ ನಮ್ಮ ಕ್ಯಾಲಿಪರನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ತೇಯ್ದ್ರೆ ಒಳಗೆ ಕೂರುತ್ತೆ ಕಣ್ರಪ್ಪ, ಅದೇನು ದೊಡ್ಡದಲ್ಲ. ಆದ್ರೆ ಡಿಸ್ಕು ಇದನ್ನ ಎಳ್ಕೊಂಡು ಹೋಗುವಾಗ ಹಿಡ್ಕೊಳ್ಳೋದು ಯಾವುದು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ನಾವು ನಿಧಾನವಾಗಿ ಹುಡುಕಿಕೊಂಡ ಉತ್ತರ. ಮುಂದಿನ ವರ್ಷ ತಂಡಕ್ಕೆ ಸೇರುವವರಿಗೂ, ತಮ್ಮ ಬೈಕಿಗೋ ಹಳೇ ಕಾರಿಗೋ ಪ್ಯಾಡ್ ಬದಲಾಯಿಸಲು ಹೊರಟಿರುವವರಿಗೂ ಉಪಯೋಗ ಆಗಬಹುದು.

ಸಮಸ್ಯೆ ಏನಿತ್ತು

ನಮ್ಮ ಗುರಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆ. ಕಾರಿನಲ್ಲಿ ಕೆಟಿಎಂ 390 ಬೈಕಿನ 373 ಸಿಸಿ ಎಂಜಿನ್ ಇದೆ. ಈ ವರ್ಷ ಅದಕ್ಕೆ ಸ್ಲಿಕ್ ಟೈರ್, 10 ಇಂಚಿನ ಚಕ್ರ ಹಾಕಿದೆವು. ಹಿಡಿತ ಜಾಸ್ತಿಯಾಯಿತು, ತಿರುವಿನಿಂದ ಹೊರಬರುವ ವೇಗವೂ ಜಾಸ್ತಿಯಾಯಿತು. ಬ್ರೇಕ್ ಮಾತ್ರ ಹಳೆಯದೇ. ಹಿಂದಿನ ಬ್ಯಾಚಿನ ಸೀನಿಯರ್‌ಗಳು ತರಿಸಿದ್ದ ವಿದೇಶಿ ರೇಸಿಂಗ್ ಕ್ಯಾಲಿಪರ್‌ಗಳು ಅವು. ಹಗುರ, ನೋಡೋಕೂ ಚಂದ. ಆದರೆ ಪ್ಯಾಡ್ ಸವೆದು ತೆಳ್ಳಗಾಗಿತ್ತು. ಹೊಸ ಸೆಟ್ ತರಿಸಬೇಕಂದ್ರೆ ಪ್ಯಾಡಿನ ಬೆಲೆ, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ನಮ್ಮ ಬಜೆಟ್ಟಿಗೆ ಆಗದ ಮಾತು. ದುಡ್ಡು ಹೊಂದಿಸಿದರೂ ಯಾವಾಗ ಬರುತ್ತೆ ಅನ್ನೋ ಖಾತ್ರಿ ಇಲ್ಲ.

ಇತ್ತ ಜೆ.ಸಿ. ರೋಡಿಗೆ ಹೋದರೆ ಸ್ಕೂಟರ್, ಬೈಕ್ ಪ್ಯಾಡುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಒಂದು ಸ್ಕೂಟರ್ ಪ್ಯಾಡ್ ನಮ್ಮದರ ಆಕಾರಕ್ಕೆ ತುಂಬಾ ಹತ್ತಿರ ಇತ್ತು. ಕಿವಿ ಮಾತ್ರ ಎರಡು ಮಿ.ಮೀ. ಉದ್ದ. ಅದನ್ನೇ ಹಿಡಿದುಕೊಂಡು ಜರಗನಹಳ್ಳಿಗೆ ಹೋಗಿದ್ದು.

ಅಣ್ಣನ ಪ್ರಶ್ನೆಗೆ ಲೆಕ್ಕ

ಡ್ರೈವರ್ ಸೇರಿ ಕಾರಿನ ತೂಕ 300 ಕೆ.ಜಿ. ಅಂತ ಇಟ್ಕೊಳ್ಳಿ. ಮುಂದೆ ಹಿಂದೆ ತೂಕ ಸಮಸಮ. ಸ್ಲಿಕ್ ಟೈರಿನಲ್ಲಿ 1.4 ಜಿ ಬ್ರೇಕಿಂಗ್ ಸಿಗುತ್ತೆ ಅಂತ ಅಂದಾಜು. ಗುರುತ್ವ ಕೇಂದ್ರದ ಎತ್ತರ 0.3 ಮೀಟರ್, ವೀಲ್‌ಬೇಸ್ 1.55 ಮೀಟರ್.

ಬ್ರೇಕ್ ಒತ್ತಿದಾಗ ಮುಂದಕ್ಕೆ ವರ್ಗವಾಗುವ ಭಾರ = 300 × 9.81 × 1.4 × 0.3 ÷ 1.55 = ಸುಮಾರು 797 ನ್ಯೂಟನ್.

ನಿಂತಾಗ ಮುಂದಿನ ಆಕ್ಸಲ್ ಮೇಲೆ 1,471 ನ್ಯೂಟನ್ ಇರುತ್ತೆ, ಬ್ರೇಕ್ ಹಾಕಿದಾಗ 2,269 ಆಗುತ್ತೆ. ಅಂದರೆ ಒಟ್ಟು ಭಾರದ 77% ಮುಂದಕ್ಕೆ. ಹಾಗಾಗಿ ಮುಂದಿನ ಒಂದೊಂದು ಚಕ್ರ ಸುಮಾರು 1,588 ನ್ಯೂಟನ್ ಬ್ರೇಕ್ ಬಲ ಕೊಡಬೇಕು. ಟೈರ್ ತ್ರಿಜ್ಯ 0.23 ಮೀಟರ್, ಆದ್ದರಿಂದ ಟಾರ್ಕ್ 365 ನ್ಯೂಟನ್ ಮೀಟರ್. ಪ್ಯಾಡ್ ಒತ್ತುವ ಜಾಗ ಡಿಸ್ಕಿನ ಮಧ್ಯದಿಂದ 80 ಮಿ.ಮೀ. ದೂರದಲ್ಲಿದೆ. ಅಲ್ಲಿ ಬೇಕಾಗುವ ಘರ್ಷಣಾ ಬಲ 365 ÷ 0.08 = ಸುಮಾರು 4,560 ನ್ಯೂಟನ್. ಡಿಸ್ಕಿನ ಎರಡೂ ಬದಿಗೆ ಒಂದೊಂದು ಪ್ಯಾಡ್. ಆದ್ದರಿಂದ ಒಂದು ಪ್ಯಾಡಿನ ಪಾಲಿಗೆ 2,280 ನ್ಯೂಟನ್.

ಅಂದರೆ 230 ಕೆ.ಜಿ.ಯಷ್ಟು ಬಲ ಆ ಪುಟ್ಟ ಪ್ಯಾಡನ್ನು ಪಕ್ಕಕ್ಕೆ ಎಳೀತಿರುತ್ತೆ! ಅದನ್ನು ಹಿಡಿದು ನಿಲ್ಲಿಸೋದು ಕ್ಯಾಲಿಪರ್ ಒಳಗಿನ ಒಂದು ಗೋಡೆ. ಪ್ಯಾಡಿನ ಹಿಂಬದಿಯ ಉಕ್ಕಿನ ತಗಡಿನ ಅಂಚು ಈ ಗೋಡೆಗೆ ಪೂರ್ತಿ ಒರಗಿರಬೇಕು. ಪ್ಯಾಡ್ ಕೆಳಗೆ ಬೀಳದಂತೆ ಒಂದು ಪಿನ್ ಇರುತ್ತದಲ್ಲ, ಅದರ ಕೆಲಸ ಪ್ಯಾಡನ್ನು ಜಾಗದಲ್ಲಿ ಇಡೋದು ಮಾತ್ರ. ಈ ಬಲ ಹೊರೋದು ಅದರ ಕೆಲಸ ಅಲ್ಲ. ನಾವು ಕಿವಿ ತೇಯ್ದರೆ ಅಂಚು ಗೋಡೆಗೆ ಅರ್ಧ ಮಾತ್ರ ಒರಗುತ್ತೆ, ಉಳಿದ ಭಾರ ಪಿನ್ ಮೇಲೆ ಬೀಳುತ್ತೆ. ಅಣ್ಣ ಒಂದು ನೋಟದಲ್ಲಿ ಕಂಡಿದ್ದು ಇದನ್ನೇ. ಫ್ರೀ ಬಾಡಿ ಡಯಾಗ್ರಾಂ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡ ನಾವು ಪ್ಯಾಡಿಗೆ ಮಾತ್ರ ಅದನ್ನು ಬರೆದಿರಲಿಲ್ಲ.

ಆದರೂ ಹಾಕಿ ನೋಡಿದ್ವಿ

ಒಪ್ಪಿಕೊಳ್ತೀವಿ: ಈ ಲೆಕ್ಕ ಮಾಡಿದ್ದು ಆಮೇಲೆ. ಅವತ್ತು ಒತ್ತಾಯ ಮಾಡಿ ಒಂದು ಸೆಟ್ ತೇಯಿಸಿಕೊಂಡೇ ಬಂದೆವು. ಕಾಲೇಜಿನ ಹಿಂದಿನ ಖಾಲಿ ರಸ್ತೆಯಲ್ಲಿ 20, 30, ಆಮೇಲೆ 40 ಕಿ.ಮೀ. ವೇಗದಿಂದ ನಿಲ್ಲಿಸಿ ನೋಡಿದೆವು. ಚೆನ್ನಾಗೇ ನಿಲ್ತು. ಕೆಲವರು ಚಪ್ಪಾಳೆಯನ್ನೂ ಹೊಡೆದರು.

ಕಾರು ಓಡಿಸ್ತಿದ್ದ ಗೆಳೆಯ ಮಾತ್ರ ಹೆಲ್ಮೆಟ್ ತೆಗೆದು, "ಪ್ರತೀ ಸಲ ಪೆಡಲ್ ಸ್ವಲ್ಪ ಸ್ವಲ್ಪ ಕೆಳಗೆ ಹೋಗ್ತಿದೆ ಕಣ್ರೋ" ಅಂದ. ಗಾಳಿ ಸೇರಿರಬೇಕು ಅಂತ ಬ್ಲೀಡ್ ಮಾಡಿದೆವು. ಮತ್ತೆ ಅದೇ ಕಥೆ. ಕೊನೆಗೆ ಪ್ಯಾಡ್ ಬಿಚ್ಚಿ ವರ್ನಿಯರ್‌ನಲ್ಲಿ ನಾಲ್ಕೂ ಮೂಲೆ ಅಳೆದರೆ ಒಂದು ತುದಿಗೂ ಇನ್ನೊಂದು ತುದಿಗೂ 0.3 ಮಿ.ಮೀ. ವ್ಯತ್ಯಾಸ. ಪ್ಯಾಡ್ ಓರೆಯಾಗಿ ಸವೆದಿತ್ತು. ಓರೆ ಪ್ಯಾಡನ್ನು ನೆಟ್ಟಗೆ ಒತ್ತೋಕೆ ಪಿಸ್ಟನ್ನುಗಳು ಹೆಚ್ಚು ಮುಂದೆ ಬರಬೇಕು, ಅದಕ್ಕೇ ಪೆಡಲ್ ಕೆಳಗೆ ಇಳೀತಿತ್ತು. ಪಿನ್ ಮೇಲೆ ಉಗುರಿಗೆ ಸಿಗುವಷ್ಟು ಒಂದು ಗುಳಿ ಬೇರೆ.

ಅದೂ 40 ಕಿ.ಮೀ. ವೇಗದಲ್ಲಿ. ಅಲ್ಲಿ ಟ್ರ್ಯಾಕಿನಲ್ಲಿ ನೇರ ದಾರಿಯ ಕೊನೆಗೆ 100 ಬರಬಹುದು. ಸೀಟಿನಲ್ಲಿ ಕೂರೋನು ನಮ್ಮ ಜೊತೆ ಮೆಸ್ಸಿನಲ್ಲಿ ಊಟ ಮಾಡೋ ಹುಡುಗ. ಅವತ್ತು ರಾತ್ರಿ ಯಾರೂ ಜಾಸ್ತಿ ಮಾತಾಡಲಿಲ್ಲ.

40ಕ್ಕೂ 100ಕ್ಕೂ ಇರೋ ದೂರ

ವೇಗ ಎರಡೂವರೆ ಪಟ್ಟು ಆದರೆ ಚಲನ ಶಕ್ತಿ 2.5 × 2.5 = 6.25 ಪಟ್ಟು. ನಮ್ಮ ಕಾರಿಗೆ ಲೆಕ್ಕ ಹಾಕಿದರೆ 40ರಲ್ಲಿ 18.5 ಕಿಲೋ ಜೂಲ್, 100ರಲ್ಲಿ 116 ಕಿಲೋ ಜೂಲ್. ಇದೆಲ್ಲ ಶಾಖವಾಗಿ ಡಿಸ್ಕು, ಪ್ಯಾಡಿಗೆ ಹೋಗಬೇಕು. ಅದರಲ್ಲಿ 77% ಮುಂದಿನ ಎರಡು ಡಿಸ್ಕಿಗೆ. ಒಂದು ಡಿಸ್ಕಿನ ತೂಕ 0.6 ಕೆ.ಜಿ. ಇದ್ದು, ಉಕ್ಕಿನ ವಿಶಿಷ್ಟ ಶಾಖ ಕೆ.ಜಿ.ಗೆ ಸುಮಾರು 0.5 ಕಿಲೋ ಜೂಲ್ ಅಂದುಕೊಂಡು, ಶಾಖ ಪೂರ್ತಿ ಡಿಸ್ಕಿಗೇ ಹೋಗುತ್ತೆ ಅಂತ ಲೆಕ್ಕ ಹಿಡಿದರೆ:

40ರಿಂದ ಒಮ್ಮೆ ನಿಲ್ಲಿಸಿದರೆ ಡಿಸ್ಕ್ ಸುಮಾರು 24 ಡಿಗ್ರಿ ಬಿಸಿಯಾಗುತ್ತೆ.
100ರಿಂದ ಒಮ್ಮೆ ನಿಲ್ಲಿಸಿದರೆ ಸುಮಾರು 149 ಡಿಗ್ರಿ.

ಎಂಡ್ಯೂರೆನ್ಸ್ ಓಟ ಸುಮಾರು 22 ಕಿ.ಮೀ. ಡಿಸ್ಕ್ ತಣ್ಣಗಾಗೋಕೆ ಮುಂಚೆ ಮುಂದಿನ ತಿರುವು ಬಂದಿರುತ್ತೆ. ಎರಡು ಮೂರು ಗಟ್ಟಿ ಬ್ರೇಕಿಂಗ್ ಒಂದರ ಹಿಂದೆ ಒಂದು ಬಂದರೆ 300 ಡಿಗ್ರಿ ದಾಟೋದು ಕಷ್ಟವೇನಲ್ಲ. ರಸ್ತೆಗೆಂದು ಮಾಡಿದ ಆರ್ಗ್ಯಾನಿಕ್ ಪ್ಯಾಡಿನಲ್ಲಿ ನಾರು, ಪುಡಿಗಳನ್ನೆಲ್ಲ ಅಂಟಿಸಿರೋದು ಫೀನಾಲಿಕ್ ರಾಳ. ಸುಮಾರು ಆ ಮಟ್ಟದ ಬಿಸಿಯಲ್ಲಿ ರಾಳ ಒಡೆಯೋಕೆ ಶುರುವಾಗುತ್ತೆ, ಹೊರಬಂದ ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರುತ್ತೆ, ಹಿಡಿತ ಬೀಳುತ್ತೆ.

ಇಲ್ಲಿ ಡ್ರೈವರ್ ತಿಳಿದುಕೊಂಡಿರಲೇಬೇಕಾದ ಒಂದು ವ್ಯತ್ಯಾಸ ಇದೆ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದ್ದಿದೆ, ಇಲ್ಲವೇ ಗಾಳಿ ಸೇರಿದೆ, ಇಲ್ಲವೇ ನಮಗಾದಂತೆ ಪ್ಯಾಡ್ ಓರೆಯಾಗಿದೆ.

ಮೂರು ದಾರಿ

ಮೊದಲನೆಯದು, ಸಿಕ್ಕ ಪ್ಯಾಡನ್ನು ತೇಯ್ದು ಕೂರಿಸೋದು. ಅದರ ಗತಿ ಹೇಳಿದೆವು.

ಎರಡನೆಯದು, ಹಳೆಯ ತಗಡಿಗೆ ಹೊಸ ಲೈನಿಂಗ್ ಅಂಟಿಸಿಕೊಳ್ಳೋದು. ತಗಡು ಮೂಲದ್ದೇ ಆದ್ದರಿಂದ ಗೋಡೆಗೆ ಸರಿಯಾಗಿ ಒರಗುತ್ತೆ, ಅಣ್ಣನ ಪ್ರಶ್ನೆಗೆ ಉತ್ತರ ಸಿಗುತ್ತೆ. ಆದರೆ ಅಂಟು ಸರಿಯಾಗಿ ಹಿಡಿಯಬೇಕಂದ್ರೆ ತಗಡು ಪೂರ್ತಿ ಶುಚಿಯಾಗಿರಬೇಕು, ಒತ್ತಡದಲ್ಲಿಟ್ಟು ಓವನ್ನಿನಲ್ಲಿ ಕಾಯಿಸಬೇಕು. ಒಂದು ಕಡೆ ಮಾಡಿಸಿದೆವು. ಯಾವ ಲೈನಿಂಗ್ ಅಂತ ಗುರುತೇ ಇರಲಿಲ್ಲ. ಸ್ಕ್ರೂಡ್ರೈವರ್ ತುದಿ ಹಾಕಿ ಎತ್ತಿದರೆ ಮೂಲೆ ಎದ್ದು ಬಂತು. ಮೇಜಿನ ಮೇಲೆ ಎದ್ದು ಬಂದಿದ್ದು ನಮ್ಮ ಪುಣ್ಯ.

ಮೂರನೆಯದು, ಪ್ಯಾಡನ್ನು ಕ್ಯಾಲಿಪರಿಗೆ ಹೊಂದಿಸೋದು ಬಿಟ್ಟು, ಒಳ್ಳೆ ಪ್ಯಾಡ್ ಅಗ್ಗಕ್ಕೆ ಸಿಗುವ ಕ್ಯಾಲಿಪರನ್ನೇ ಕಾರಿಗೆ ಹೊಂದಿಸೋದು. ಅಂದರೆ ಬೈಕಿನ ಕ್ಯಾಲಿಪರ್. ಪ್ಯಾಡ್, ತಗಡು, ಗೋಡೆ, ಪಿನ್ ಎಲ್ಲ ಒಂದಕ್ಕೊಂದು ಹೊಂದಿಕೊಂಡೇ ಕಾರ್ಖಾನೆಯಿಂದ ಬಂದಿರುತ್ತವೆ. ನಾವು ಮಾಡಬೇಕಾದ್ದು ಬ್ರಾಕೆಟ್ ಮಾತ್ರ, ಅದರ ಬಲವನ್ನು ನಾವೇ ಲೆಕ್ಕ ಹಾಕಬಹುದು.

ತಂಡದಲ್ಲಿ ಜಗಳವಾಯಿತು. ಸೀನಿಯರ್‌ಗಳ ರೇಸಿಂಗ್ ಕ್ಯಾಲಿಪರ್ ತೆಗೆದು ಬೈಕಿನದ್ದು ಹಾಕೋದಾ? ತೂಕ ಜಾಸ್ತಿ ಆಗಲ್ವಾ? ಆಗುತ್ತೆ. ಆದರೆ ನಾವು ಹೋಗುತ್ತಿರೋ ಟ್ರ್ಯಾಕಿಗೆ ಯಾರ ಹೆಸರಿದೆ ನೋಡಿ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರದು. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಮಾಡಿ, ನಮ್ಮ ದೇಶದಲ್ಲಿ ಕಡಿಮೆ ಖರ್ಚಿನ ರೇಸಿಂಗಿಗೆ ದಾರಿ ಮಾಡಿದವರು. ಊರೂರಲ್ಲಿ ಸಿಗುವ ಭಾಗದ ಸುತ್ತ ಕಾರು ಕಟ್ಟೋದು ಅವಮಾನವಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಮೂರನೇ ದಾರಿಗೆ ಎಲ್ಲರೂ ಒಪ್ಪಿದರು.

ಕ್ಯಾಲಿಪರ್ ಕೂರಿಸುವಾಗ ಗಮನಿಸಿದ್ದು

ನಾವು ಆರಿಸಿದ್ದು ಒಂದೇ ಬದಿಯಲ್ಲಿ ಎರಡು ಪಿಸ್ಟನ್ ಇರುವ ಫ್ಲೋಟಿಂಗ್ ಕ್ಯಾಲಿಪರ್. ಪಿಸ್ಟನ್ ವ್ಯಾಸ ತಲಾ 30 ಮಿ.ಮೀ., ಒಟ್ಟು ವಿಸ್ತೀರ್ಣ 1,414 ಚದರ ಮಿ.ಮೀ.

ಪ್ಯಾಡಿನ ಘರ್ಷಣಾಂಕ 0.35 ಇದ್ದರೆ ಒತ್ತುವ ಬಲ 4,560 ÷ (2 × 0.35) = ಸುಮಾರು 6,500 ನ್ಯೂಟನ್ ಬೇಕು. ಅದಕ್ಕೆ ಆಯಿಲ್ ಒತ್ತಡ 46 ಬಾರ್. ನಮ್ಮ ಮಾಸ್ಟರ್ ಸಿಲಿಂಡರ್ 16 ಮಿ.ಮೀ., ಬ್ಯಾಲೆನ್ಸ್ ಬಾರ್ ಮುಂದಕ್ಕೆ 60% ಕೊಡುತ್ತೆ, ಪೆಡಲ್ ಅನುಪಾತ 5. ಡ್ರೈವರ್ ಕಾಲಿನಿಂದ ಒತ್ತಬೇಕಾದ್ದು ಸುಮಾರು 31 ಕೆ.ಜಿ. ಬಲ. ಘರ್ಷಣಾಂಕ 0.45 ಇದ್ದರೆ 24 ಕೆ.ಜಿ. ಸಾಕು. ಬಿಸಿಯಾಗಿ 0.20ಕ್ಕೆ ಬಿದ್ದರೆ? 55 ಕೆ.ಜಿ. ಅದೇ ಕಾರು, ಅದೇ ತಿರುವು, ಕಾಲಿಗೆ ಹೆಚ್ಚುಕಡಿಮೆ ಎರಡು ಪಟ್ಟು ಕೆಲಸ. ಪೆಡಲ್ 2,000 ನ್ಯೂಟನ್ ತಡೆಯಬೇಕು ಅಂತ ಸ್ಪರ್ಧೆಯ ನಿಯಮ ಯಾಕೆ ಹೇಳುತ್ತೆ ಅಂತ ಈಗ ಅರ್ಥವಾಯಿತು. ಗಾಬರಿಯಾದ ಡ್ರೈವರ್ ಕಾಲಿಟ್ಟು ತುಳಿಯೋದು ಹಾಗೇ.

ಬ್ರಾಕೆಟ್ಟನ್ನು ಅದೇ ಜರಗನಹಳ್ಳಿ ಅಂಗಡಿಯಲ್ಲಿ ಮಾಡಿಸಿದೆವು. ಈ ಸಲ ಡ್ರಾಯಿಂಗ್ ಜೊತೆ ಬಲದ ಬಾಣಗಳನ್ನೂ ಬರೆದುಕೊಂಡು ಹೋಗಿದ್ದೆವು. ಅಣ್ಣ ನೋಡಿ, "ಈಗ ಸರಿ" ಅಂದರು. ಒಳಮೂಲೆಗಳಿಗೆ ಚೂಪು ಬಿಡದೆ ರೇಡಿಯಸ್ ಕೊಡಿ ಅಂತ ಅವರೇ ಹೇಳಿ ಮಾಡಿಕೊಟ್ಟರು.

ಮೂರು ವಿಷಯ ನೆನಪಿಡಿ. ಒಂದು: ಡಿಸ್ಕಿನ ದಪ್ಪ. ಕ್ಯಾಲಿಪರ್ ಯಾವ ದಪ್ಪಕ್ಕೆ ಮಾಡಿದ್ದೋ ಅದಕ್ಕಿಂತ ತೆಳ್ಳಗಿನ ಡಿಸ್ಕ್ ಹಾಕಿದರೆ, ಪ್ಯಾಡ್ ಸವೆದ ಮೇಲೆ ಪಿಸ್ಟನ್ ತನ್ನ ಮಿತಿ ಮೀರಿ ಹೊರಗೆ ಬರಬಹುದು. ಎರಡು: ಪ್ಯಾಡಿನ ಪೂರ್ತಿ ಮುಖ ಡಿಸ್ಕಿನ ಮೇಲೇ ಇರಬೇಕು. ಹೊರಗೆ ಇಣುಕಿದರೆ ಆ ಭಾಗ ಸವೆಯದೆ ತುಟಿಯಂತೆ ಉಳಿಯುತ್ತೆ. ಮೂರು: ಬೈಕಿಗೆ ಕ್ಯಾಲಿಪರ್ ಒಂದೇ ಬದಿಗೆ ಬರುತ್ತೆ. ನಾವು ಎಡಕ್ಕೂ ಬಲಕ್ಕೂ ಅದನ್ನೇ ಹಾಕಿದಾಗ ಒಂದು ತಲೆಕೆಳಗಾಯಿತು, ಬ್ಲೀಡ್ ನಿಪ್ಪಲ್ ಕೆಳಗೆ ಬಂತು. ಗಾಳಿ ಮೇಲೆ ಹೋಗುತ್ತೆ, ನಿಪ್ಪಲ್ ಕೆಳಗಿದ್ದರೆ ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಒಳಗೇ. ಅದಕ್ಕೆ ಆ ಕ್ಯಾಲಿಪರನ್ನು ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ತಗಡು ಇಟ್ಟು, ನಿಪ್ಪಲ್ ಮೇಲಕ್ಕೆ ಹಿಡಿದು ಬ್ಲೀಡ್ ಮಾಡಿ ಮತ್ತೆ ಕೂರಿಸಬೇಕು. ಇದನ್ನು ಕಂಡುಹಿಡಿಯೋಕೆ ನಮಗೆ ಒಂದು ಇಡೀ ಭಾನುವಾರ ಹೋಯಿತು.

ಯಾವ ಪ್ಯಾಡ್?

ಒಂದೇ ಆಕಾರದಲ್ಲಿ ಬೇರೆ ಬೇರೆ ವಸ್ತುವಿನ ಪ್ಯಾಡ್ ಸಿಗೋದು ಬೈಕ್ ಕ್ಯಾಲಿಪರಿನ ದೊಡ್ಡ ಲಾಭ. ಆರ್ಗ್ಯಾನಿಕ್ ಪ್ಯಾಡ್ ತಣ್ಣಗಿದ್ದಾಗಲೂ ಚೆನ್ನಾಗಿ ಹಿಡಿಯುತ್ತೆ, ಡಿಸ್ಕನ್ನು ಕಡಿಮೆ ತಿನ್ನುತ್ತೆ, ಹೆಚ್ಚು ಬಿಸಿ ತಡೆಯಲ್ಲ. ಸಿಂಟರ್ಡ್ ಪ್ಯಾಡಿನಲ್ಲಿ ಲೋಹದ ಪುಡಿಯನ್ನು ಒತ್ತಿ, ಕರಗದಷ್ಟು ಕಾಯಿಸಿ ಒಂದಾಗಿಸಿರುತ್ತಾರೆ. ಸುಟ್ಟುಹೋಗುವ ರಾಳ ಇಲ್ಲ, ಅದಕ್ಕೇ ಬಿಸಿ ತಾಳುತ್ತೆ. ನಮ್ಮ ಬೆಂಗಳೂರಲ್ಲೇ ಎಚ್‌ಎಎಲ್‌ನ ಫೌಂಡ್ರಿ ಮತ್ತು ಫೋರ್ಜ್ ವಿಭಾಗ ವಿಮಾನಗಳಿಗೆ ಮಾಡೋದು ಸಿಂಟರ್ಡ್ ಪ್ಯಾಡುಗಳನ್ನೇ.

ಪ್ಯಾಡಿನ ಅಂಚಿನಲ್ಲೋ ಬೆನ್ನಿನಲ್ಲೋ ಎರಡು ಇಂಗ್ಲಿಷ್ ಅಕ್ಷರ ಹುಡುಕಿ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಘರ್ಷಣಾಂಕ ಎಷ್ಟು ಅಂತ ಹೇಳುತ್ತೆ, ಎರಡನೆಯದು ಹೆಚ್ಚು ಬಿಸಿಯಲ್ಲಿ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅಂದರೆ ಅದಕ್ಕೂ ಮೇಲೆ. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾಗಿದ್ದರೆ ಬಿಸಿಯಾದಾಗ ಹಿಡಿತ ಬೀಳುತ್ತೆ ಅಂತ ಅರ್ಥ. ಆದರೆ ಈ ಪರೀಕ್ಷೆ ಸುಮಾರು 340 ಡಿಗ್ರಿವರೆಗೆ ಮಾತ್ರ. ಅದರಾಚೆಗೆ ಅಕ್ಷರ ಏನೂ ಹೇಳಲ್ಲ.

ನಾವು ಮುಂದಕ್ಕೆ ಸಿಂಟರ್ಡ್ ಹಾಕಿದೆವು. ಹಿಂದೆ ಭಾರವೂ ಶಾಖವೂ ಕಡಿಮೆ, ಅಲ್ಲಿಗೆ ಆರ್ಗ್ಯಾನಿಕ್ ಸಾಕಾಯಿತು. ಆದರೆ ಸಿಂಟರ್ಡಿಗೆ ಒಂದು ಬೆಲೆ ಇದೆ: ಲೋಹ ಶಾಖವನ್ನು ಬೇಗ ಸಾಗಿಸುತ್ತೆ, ಆ ಶಾಖ ಪಿಸ್ಟನ್ ಮೂಲಕ ಆಯಿಲ್‌ಗೆ ಹೋಗುತ್ತೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155. ಡಾಟ್ 5.1ಕ್ಕೆ 260 ಮತ್ತು 180. ಅರ್ಧ ಖಾಲಿಯಾಗಿ ಶೆಲ್ಫಿನಲ್ಲಿ ಮುಚ್ಚಳ ಸಡಿಲವಾಗಿ ಕೂತಿದ್ದ ಡಬ್ಬಿಯನ್ನು ಅವತ್ತೇ ಬದಿಗಿಟ್ಟೆವು.

ಪಳಗಿಸುವುದು, ಅಳೆಯುವುದು

ಹೊಸ ಪ್ಯಾಡ್ ಹಾಕಿ ನೇರ ಟ್ರ್ಯಾಕಿಗೆ ಇಳಿಯಬಾರದು. ಮಧ್ಯಮ ವೇಗದಿಂದ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಹದವಾಗಿ ಬ್ರೇಕ್ ಹಾಕಿ. ಆಮೇಲೆ ಕೆಲವು ಸಲ ಗಟ್ಟಿಯಾಗಿ. ನಂತರ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಿಸಿ. ಹೀಗೆ ಮಾಡಿದಾಗ ಪ್ಯಾಡ್ ವಸ್ತುವಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತೆ. ಬಿಸಿ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡೇ ನಿಂತರೆ ಪದರ ಒಂದೇ ಕಡೆ ಅಂಟಿ ಆಮೇಲೆ ನಡುಕ ಬರುತ್ತೆ.

ಪ್ರತಿ ಓಟದ ನಂತರ ನಾವು ನಾಲ್ಕು ವಿಷಯ ಬರೆದಿಡ್ತೀವಿ: ಪ್ಯಾಡಿನ ನಾಲ್ಕು ಮೂಲೆಯ ದಪ್ಪ, ಪೆಡಲ್ ಎಷ್ಟು ಕೆಳಗೆ ಹೋಯಿತು, ಡಿಸ್ಕಿನ ಬಿಸಿ, ಮತ್ತು ಡ್ರೈವರ್ ಹೇಳಿದ ಮಾತು ಅವನದೇ ಪದಗಳಲ್ಲಿ. ಕೊನೆಯದನ್ನು ಸೇರಿಸಿದ್ದು ಮೊದಲ ಸಲ ಅವನ ಮಾತನ್ನು "ಗಾಳಿ ಸೇರಿರಬೇಕು" ಅಂತ ತಳ್ಳಿಹಾಕಿದ್ದಕ್ಕೆ. ಇನ್ನೊಂದು ಎಚ್ಚರಿಕೆ: ಪ್ಯಾಡಿನ ಪುಡಿಯನ್ನು ಕಂಪ್ರೆಸರ್ ಹಿಡಿದು ಊದಬೇಡಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿ.

ಸ್ಪರ್ಧೆಯಲ್ಲಿ ಓಡೋಕೆ ಬಿಡುವ ಮುಂಚೆ ಒಂದು ಬ್ರೇಕ್ ಪರೀಕ್ಷೆ ಇರುತ್ತೆ. ವೇಗವಾಗಿ ಬಂದು ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಲಾಕ್ ಆಗಬೇಕು, ಕಾರು ನೆಟ್ಟಗೆ ನಿಲ್ಲಬೇಕು. ಕಾಲೇಜಿನ ರಸ್ತೆಯಲ್ಲಿ ನಮ್ಮ ಕಾರು ಈಗ ಹಾಗೆ ನಿಲ್ಲುತ್ತಿದೆ, ಮೂಲೆಗಳ ಸವೆತವೂ ಸಮ ಇದೆ. ಆದರೆ ಲಾಕ್ ಆಗೋದು ತಣ್ಣಗಿರುವ ಬ್ರೇಕಿನ ಪರೀಕ್ಷೆ, 22 ಕಿ.ಮೀ. ಓಟ ಬಿಸಿ ಬ್ರೇಕಿನದು. ಹಾಗಾಗಿ ಹೋಗುವ ಮುಂಚೆ ಸರಿಯಾದ ಜಾಗ ಹುಡುಕಿ, ಒಂದರ ಹಿಂದೆ ಒಂದರಂತೆ ಬಿಸಿ ಬ್ರೇಕಿಂಗ್ ಮಾಡಿ ಅಳೆಯುತ್ತೇವೆ. ಡಿಸ್ಕಿನ ಬಿಸಿ ಲೆಕ್ಕ ಮೀರಿದರೆ ಮುಂದಕ್ಕೆ ಗಾಳಿಯ ಡಕ್ಟ್ ಹಾಕಬೇಕು. ಅದಕ್ಕೆ ಜಾಗ ಬಿಟ್ಟಿದ್ದೇವೆ.

ತೇಯಿಸಿದ್ದ ಸ್ಕೂಟರ್ ಪ್ಯಾಡ್ ಮತ್ತು ಗುಳಿ ಬಿದ್ದ ಪಿನ್ ನಮ್ಮ ಶೆಡ್ಡಿನ ಕಿಟಕಿಯ ಮೇಲಿವೆ. ಹೊಸದಾಗಿ ಸೇರಿದವರ ಕೈಗೆ ಮೊದಲು ಅವೆರಡನ್ನೂ ಕೊಟ್ಟು ಕೇಳ್ತೀವಿ: ಡಿಸ್ಕು ಇದನ್ನ ಎಳ್ಕೊಂಡು ಹೋಗುವಾಗ ಹಿಡ್ಕೊಳ್ಳೋದು ಯಾವುದು?